ತಡಮೆಯ ಹತ್ತಿರದ ಎಲೆ

1964 ಆಗಸ್ಟ್ 4, ಮಂಗಳವಾರ

ಈ ಪುಸ್ತಕ ಬೀಡಿ ಯೂನಿಯನ್ನಿನದು. ಮುಂದಿನ ಅರ್ಧದಲ್ಲಿ ಕಳೆದ ವರ್ಷದ ಹಾಜರಿ ಉಂಟು, ಹಿಂದಿನ ಅರ್ಧ ಖಾಲಿ. ಕೇಸಿಗೆ ಎಲ್ಲಿಗೆ ಹೋದೆ, ಯಾರು ಏನು ಹೇಳಿದರು ಎಂದು ಬರೆದಿಡು, ತಲೆಯನ್ನು ನಂಬಬೇಡ ಅಂತ ಯಾಕೂಬಣ್ಣ ಹೇಳಿದ. ಅವನು ಯೂನಿಯನ್ನಿನ ಅಧ್ಯಕ್ಷ, ನಾನು ಕಾರ್ಯದರ್ಶಿ. ಅವನ ಮಾತು ಸರಿ. ಬರೆಯುತ್ತೇನೆ.

ನೆಲ್ಲಿಮಾರುಗುತ್ತಿನ ಧಣಿ ನಮ್ಮ ಮೇಲೆ ದಾವೆ ಹಾಕಿದ್ದಾನೆ. ಗದ್ದೆಯನ್ನೂ ಮನೆಯನ್ನೂ ಬಿಟ್ಟು ಹೋಗಬೇಕಂತೆ. ಅಣ್ಣ ಭೋಜ ಬೊಂಬಾಯಿಯ ಹೋಟೇಲಿನಲ್ಲಿ ಲೋಟ ತೊಳೆಯುತ್ತಿದ್ದಾನೆ. ಅಮ್ಮ ಸತ್ತು ಎಂಟು ವರ್ಷ. ಮನೆಯಲ್ಲಿರುವುದು ನಾನು ಮತ್ತು ಅಮ್ಮನ ಅಮ್ಮ, ದುಗ್ಗು ಅಜ್ಜಿ. ಸಮನ್ಸಿಗೆ ರುಜು ಹಾಕಿದ್ದು ನಾನೇ.

ಈ ಭೂಮಿ ಅಜ್ಜಿಯ ಅಣ್ಣ ಚನಿಯಪ್ಪ ಎಂಬವನ ಹೆಸರಿನಲ್ಲಿ ಮೂಲಗೇಣಿ. ಗೇಣಿ ಕೊಡುವಷ್ಟು ಕಾಲ ನಮ್ಮನ್ನು ಯಾವ ಧಣಿಯೂ ಎಬ್ಬಿಸುವಂತಿಲ್ಲ. ನಮ್ಮದು ಅಳಿಯಸಂತಾನ, ತಾಯಿಯ ಕಡೆಯಿಂದ ಹಕ್ಕು. ಅವನದ್ದು ತಂಗಿಗೆ, ತಂಗಿಯ ಮಕ್ಕಳಿಗೆ ಇಳಿಯುತ್ತದೆ. ಆದರೆ ಧಣಿಯ ಹತ್ತಿರ ಒಂದು ಕಾಗದ ಉಂಟು. 1921ರ ಮಾರ್ಚಿನಲ್ಲಿ ಚನಿಯಪ್ಪನೇ ಧಣಿಯ ಗುತ್ತಿನ ಮನೆಗೆ ಬಂದು, ಮೂಲಗೇಣಿ ಬಿಟ್ಟುಕೊಟ್ಟೆ ಎಂದು ಹೆಬ್ಬೆಟ್ಟು ಒತ್ತಿದ ಕಾಗದ. ಅಲ್ಲಿಂದ ಈಚೆಗೆ ನಾವು ವರ್ಷಗೇಣಿಯವರು, ಬೇಕಾದಾಗ ಎಬ್ಬಿಸಬಹುದು ಅಂತ ವಾದ.

ಉಳುವವನಿಗೆ ಹಕ್ಕು ಕೊಡುವ ಕಾನೂನು ಬರುತ್ತದೆಂದು ಸುದ್ದಿಯಾದ ದಿನದಿಂದ ಗುತ್ತುಗಳ ಪೆಟ್ಟಿಗೆಗಳಿಂದ ಹಳೇ ಕಾಗದಗಳು ಮಳೆಹುಳದ ಹಾಗೆ ಏಳುತ್ತಿವೆ. ಇದೂ ಅಂಥದ್ದೇ ಒಂದು ಹುಳ.

ಬಂಟ್ವಾಳದ ಸುಧಾಕರ ವಕೀಲರು ಹೇಳಿದ್ದು: "ಚನಿಯಪ್ಪ 1921ಕ್ಕಿಂತ ಮೊದಲೇ ಸತ್ತದ್ದಕ್ಕೆ ಸರಕಾರಿ ದಾಖಲೆ ತನ್ನಿ. ಸತ್ತವನ ಹೆಬ್ಬೆಟ್ಟನ್ನು ಯಾವ ಕೋರ್ಟೂ ನಂಬುವುದಿಲ್ಲ."

ಅಜ್ಜಿಯನ್ನು ಕೇಳಿದರೆ ಒಂದೇ ಮಾತು. "ಅವ ಘಟ್ಟಕ್ಕೆ ಹೋದ. ಜ್ವರದ ವರ್ಷ. ಮತ್ತೆ ಬರ್ಲಿಲ್ಲ." ಕಾಫಿ ತೋಟಕ್ಕೆ ಹೋದದ್ದಂತೆ. ಯಾವ ತೋಟ? ಗೊತ್ತಿಲ್ಲ. ಯಾರ ಜೊತೆ? ಗೊತ್ತಿಲ್ಲ. ಮುದುಕಿಗೆ ಎಲೆ ಅಡಿಕೆ ಎಲ್ಲಿ ಇಟ್ಟದ್ದು ಅಂತ ಮಾತ್ರ ಚೆನ್ನಾಗಿ ಗೊತ್ತುಂಟು.

ಆಗಸ್ಟ್ 7

ಆಟಿ ಅಮಾವಾಸ್ಯೆ. ಹಾಲೆ ಮರದ ಕಷಾಯ ಕುಡಿದು ಬಾಯಿಯೆಲ್ಲ ಕಹಿ. ಮುದುಕಿ ಸತ್ತವರಿಗೆ ಬಡಿಸುವ ಗಲಾಟೆಯಲ್ಲಿದ್ದಳು. ಇದ್ದ ಒಂದು ಹುಂಜ ಹೋಯಿತು. ಪಡಸಾಲೆಯಲ್ಲಿ ಸಾಲಾಗಿ ಆರು ಬಾಳೆ ಎಲೆ, ಸತ್ತು ಕುಲೆಗಳಾದ ಮನೆಯ ಆರು ಜನರಿಗೆ. ಅಮ್ಮನದೂ ಒಂದು. ಅನ್ನ, ಕೋಳಿ ಸಾರು, ರೊಟ್ಟಿ. ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ಕೂತಿರಬೇಕು, ಸತ್ತವರು ಬಂದು ಉಣ್ಣುತ್ತಾರಂತೆ.

ಏಳನೆಯ ಎಲೆ ಯಾವಾಗಲೂ ಹೊರಗೆ. ಅಂಗಳದ ದಾರಿಗೆ ಅಡ್ಡವಾಗಿ ಬಿದಿರಿನ ಗಳ ಹಾಕಿದ ತಡಮೆ ಉಂಟಲ್ಲ, ಅದರ ಬುಡದಲ್ಲಿ. ನಾನು ಸಣ್ಣವಳಿರುವಾಗಿನಿಂದ ನೋಡುತ್ತಿದ್ದೇನೆ. ಕಾಗೆಗೋ ದಾರಿಯಲ್ಲಿ ಹೋಗುವ ಭೂತಕ್ಕೋ ಇರಬೇಕು. ಕೇಳಲಿಲ್ಲ.

ಸತ್ತವರಿಗೆ ಕೋಳಿ, ಬದುಕಿದವರಿಗೆ ಗಂಜಿ. ಮುಂದಿನ ಸಭೆಯಲ್ಲಿ ಇದನ್ನು ಹೇಳಬೇಕು.

ಆಗಸ್ಟ್ 19

ಬೆಳ್ತಂಗಡಿ ಕಚೇರಿ. ಘಟ್ಟದ ದಾರಿಯ ಊರುಗಳ ಹಳೇ ಜನನ ಮರಣ ರಿಜಿಸ್ಟರು ಮೊದಲು ನೋಡಿ, ಹೋಗುವಾಗಲೋ ಬರುವಾಗಲೋ ಸತ್ತಿರಬಹುದು ಎಂದು ವಕೀಲರು ಹೇಳಿದ್ದರು.

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ಮನೆಯಲ್ಲಿ ಗಂಡಸರು ಯಾರೂ ಇಲ್ವಾ?"

"ಗಂಡಸನ್ನು ಹುಡುಕ್ಲಿಕ್ಕೇ ಬಂದದ್ದು. ಸಿಕ್ಕಿದ್ರೆ ಇನ್ನೊಮ್ಮೆ ಅವನನ್ನೇ ಕಳಿಸ್ತೇನೆ."

ಪಕ್ಕದ ಮೇಜಿನವ ನಕ್ಕ. ಇವನು ನಗಲಿಲ್ಲ. ಹೆಸರು ಕೇಳಿದ. ಚನಿಯಪ್ಪ ಪೂಜಾರಿ ಎಂದೆ. ನಾಲ್ಕು ಹಾಳೆ ಮಗುಚಿ "ಇಲ್ಲ" ಎಂದ. ನಾಲ್ಕೇ ಹಾಳೆ! ನಾನೇ ಓದುತ್ತೇನೆ ಎಂದರೆ ಹಾಗೆಲ್ಲ ಆಗುವುದಿಲ್ಲವಂತೆ, ಅರ್ಜಿ ಬೇಕು, ವಕೀಲರ ಪತ್ರ ಬೇಕು.

ಬೀಡಿ ಕಟ್ಟುವ ಒಂದು ದಿನ ಹೋಯಿತು.

ಸೆಪ್ಟೆಂಬರ್ 2

ಪತ್ರ ಕೊಟ್ಟ ಮೇಲೆ ಕೋಣೆಯ ಮೂಲೆಯಲ್ಲಿ ಕುಳಿತು ಓದಲು ಬಿಟ್ಟರು. ಬೆಳಗ್ಗಿನಿಂದ ಸಂಜೆಯವರೆಗೆ ಮೂರು ಗ್ರಾಮ.

ಒಂದು ವಿಷಯ ತಿಳಿಯಿತು. ಆ ಕಾಲದ ಪಟೇಲರು ನಮ್ಮವರ ಹೆಸರಿನಲ್ಲಿರುವ 'ಅಪ್ಪ'ನನ್ನು ಮೊದಲು ಕೊಂದು, ಆಮೇಲೆ ಸಾವು ಬರೆಯುತ್ತಿದ್ದರು. ಧರ್ಣಪ್ಪ ಧರ್ಣ ಆಗುತ್ತಾನೆ, ಕಾಂತಪ್ಪ ಕಾಂತ. ಪೂಜಾರಿ ಎಂದು ಒಂದು ಊರಿನಲ್ಲಿ ಬರೆದರೆ ಪಕ್ಕದ ಊರಿನಲ್ಲಿ ಬಿಲ್ಲವ, ಅದರ ಪಕ್ಕದಲ್ಲಿ ಬಿರುವ, ಬೈದ್ಯ, ಬೈದ. ಚನಿಯ, ಚೆನಿಯ, ಸನಿಯ. ಒಂದು ಚೀಟಿಯಲ್ಲಿ ಎಲ್ಲ ಜೋಡಿಸಿ ಬರೆದುಕೊಂಡೆ. ಒಬ್ಬ ಮನುಷ್ಯನಿಗೆ ಹದಿನೈದು ಹೆಸರಾಯಿತು. ಗುತ್ತಿನವರ ಮನೆಯಲ್ಲಿ ಯಾರಾದರೂ ಸತ್ತರೆ ಹೆಸರು ಎರಡು ಸಾಲು ಹಿಡಿದಿದೆ. ನಮ್ಮವರದು ಒಂದು ಬೆರಳಿನ ಅಗಲ.

1918ರ ಅಕ್ಟೋಬರಿಗೆ, ಅಜ್ಜಿ ಹೇಳಿದ ಜ್ವರದ ವರ್ಷಕ್ಕೆ, ಬಂದಾಗ ಹಾಳೆಗಳು ದಪ್ಪ. ಒಂದು ತಿಂಗಳಿಗೆ ಒಂದು ಹಾಳೆ ಸಾಕಾಗುತ್ತಿದ್ದ ಊರಿಗೆ ಹನ್ನೊಂದು. ಸಾವಿನ ಕಾರಣ ಬರೆಯುವ ಕಡೆ ಮೊದಲ ಸಾಲಿನಲ್ಲಿ 'ಜ್ವರ', ಕೆಳಗೆ 'ಮೇಲಿನಂತೆ', 'ಮೇಲಿನಂತೆ', ಹಾಳೆಯ ಕೊನೆಯವರೆಗೆ. ಬರೆದವನಿಗೂ ಕೈ ನೋವಾಗಿರಬೇಕು. ಒಂದು ಹಾಳೆಯ ನಡುವಿನಲ್ಲಿ ಅಕ್ಷರ ಬದಲಾಗಿದೆ. ಪಟೇಲನೇ ಸತ್ತನೋ ಏನೋ.

ಸೆಪ್ಟೆಂಬರ್ 11

ಸಿಗಲಿಲ್ಲ. ಬಸ್ಸು ಕೆಟ್ಟು ಪುಂಜಾಲಕಟ್ಟೆಯವರೆಗೆ ನಡೆದೆ. ಮುದುಕಿ ಬಿಸಿನೀರು ಇಟ್ಟಿದ್ದಳು.

ಸೆಪ್ಟೆಂಬರ್ 23

ಯಾಕೂಬಣ್ಣನ ದೂರದ ಸಂಬಂಧಿ ಮೂಸಬ್ಬ ಬ್ಯಾರಿಗಳು ಮುಂಡಾಜೆಯಲ್ಲಿದ್ದಾರೆ. ಎಂಬತ್ತರ ಹತ್ತಿರ ವಯಸ್ಸು. ಪ್ರಾಯದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗಾಡಿ ಹೊಡೆದವರು, ತೋಟಗಳಿಗೆ ಆಳು ಸಾಗಿಸಿದವರು. ಅವರಿಗೆ ಗೊತ್ತಿರಬಹುದೆಂದು ಇಬ್ಬರೂ ಹೋದೆವು.

"ಯಾವ ಚನಿಯಪ್ಪ? ನೆಲ್ಲಿಮಾರಿನ ಮೂಲಗೇಣಿಯವನಾ? ತಾಳೆಮರದ ಹಾಗೆ ಉದ್ದ ಇದ್ದ, ನಗುವಾಗ ಬಾಯಿಗೆ ಕೈ ಅಡ್ಡ ಇಡ್ತಿದ್ದ?"

ಉದ್ದ ಇದ್ದನೋ ಗಿಡ್ಡ ಇದ್ದನೋ ನನಗೇನು ಗೊತ್ತು. ಹೌದು ಎಂದೆ.

"ಅವ ಘಟ್ಟಕ್ಕೆ ಹೋದ ಅಂತ ಯಾರು ಮಾರಾಯ್ತಿ ಹೇಳಿದ್ದು ನಿನಗೆ?"

"ಅಜ್ಜಿ. ಊರೇ ಹೇಳ್ತದೆ."

"ಊರಿಗೇನು, ಊರಿಗೆ ಬಾಯಿ ಉಂಟು. ಘಟ್ಟಕ್ಕೆ ಹೋಗುವುದು ಯಾರು ಹೇಳು? ಕಾಲಿಟ್ಟಲ್ಲಿ ನೆಲ ಇಲ್ಲದವ. ಮೂಲಗೇಣಿ ಗದ್ದೆ ಇದ್ದವ ಗದ್ದೆ ಬಿಟ್ಟು ಕಾಫಿ ಕೊಯ್ಲಿಕ್ಕೆ ಹೋಗ್ತಾನಾ? ಮತ್ತೆ ಆ ವರ್ಷ ಮೇಲೆ ಯಾರು ಹೋದದ್ದು? ಮೇಲಿನವರೇ ಸಾಯ್ತಾ ಸಾಯ್ತಾ ಕೆಳಗೆ ಬಂದದ್ದು. ನನ್ನ ಗಾಡಿಯಲ್ಲಿ ನಾನೇ ತಂದಿದ್ದೇನೆ. ಹತ್ತು ಜನ ಹತ್ತಿದ್ರೆ ಆರು ಜನ ಇಳಿದದ್ದು."

ಬ್ಯಾರಿಗಳಿಗೆ ವಯಸ್ಸಾಗಿದೆ, ಮರೆತಿರಬಹುದು. ಆದರೆ ಬಾಯಿಗೆ ಕೈ ಅಡ್ಡ ಇಟ್ಟು ನಗುವುದು ನಮ್ಮ ಭೋಜ. ಅಮ್ಮನೂ ಹಾಗೆಯೇ.

ಅಕ್ಟೋಬರ್ 6

ಸಿಕ್ಕಿತು ಎಂದು ಕೂಗಿದ್ದು ಗುಮಾಸ್ತನೇ. ಈಗ ಅವನೂ ನನ್ನ ಜೊತೆ ಹುಡುಕುತ್ತಾನೆ, 'ನೀವು' ಎನ್ನುತ್ತಾನೆ. ಮುಂಡಾಜೆ, 1919 ಜನವರಿ, ಚನಿಯ, ಬಿಲ್ಲವ. ಪ್ರತಿ ಮಾಡಿಸಿಕೊಂಡು ಬಂಟ್ವಾಳಕ್ಕೆ ಓಡಿದೆ. ಬಸ್ಸಿನಲ್ಲಿ ಸರಿಯಾಗಿ ಓದಿದೆ.

ವಯಸ್ಸು 9. ಗಂಡು. ಘಟ್ಟದ ಕಡೆಯಿಂದ ಬಂದವ. ಸತ್ತದ್ದು ದಾರಿಯಲ್ಲಿ. ತಿಳಿಸಿದವರು: ಗ್ರಾಮದ ಉಗ್ರಾಣಿ. ಸಂಬಂಧಿಕರು: ಯಾರೂ ಉಳಿದಿಲ್ಲ.

ವಕೀಲರು ಕಾಗದವನ್ನು ಬೆಳಕಿಗೆ ಹಿಡಿದರು. "ಮೂಲದಲ್ಲಿ ಒಂಬತ್ತರ ಹಿಂದೆ ಶಾಯಿ ಚೆಲ್ಲಿದೆ ಅಂದಿರಲ್ಲ? ಮೂವತ್ತೊಂಬತ್ತು ಅಂತ ಓದಬಹುದು, ಕುಸುಮ. ನಿಮ್ಮ ಅಜ್ಜನ ಪ್ರಾಯಕ್ಕೆ ಸರಿಹೋಗ್ತದೆ. ಕೇಳುವವರು ಯಾರು?"

"ಗುತ್ತಿನವರು ಸತ್ತವನ ಹೆಬ್ಬೆಟ್ಟು ಒತ್ತಿದ್ರು. ನಾವು ಸತ್ತ ಮಗುವಿನ ಪ್ರಾಯ ತಿದ್ದುವುದಾ?"

"ಹಾಗಾದ್ರೆ ಗದ್ದೆ ಬಿಟ್ಟುಕೊಡ್ಲಿಕ್ಕೆ ತಯಾರಾಗಿ."

"ಆಗ್ತೇನೆ. ಆದ್ರೆ ಇದು ಬೇಡ."

ದಾರಿಯುದ್ದ ನನಗೇ ನನ್ನ ಮೇಲೆ ಸಿಟ್ಟು. ಗದ್ದೆ ಹೋದರೆ ಮುದುಕಿಯನ್ನು ಎಲ್ಲಿ ಇಡಲಿ? ಬೀಡಿ ಕಟ್ಟಿ ಕೊಡುವ ಬ್ರಾಂಚಿನ ಜಗಲಿಯಲ್ಲಾ?

ಆ ಪ್ರತಿ ಬಿಸಾಡಲಿಲ್ಲ. ಈ ಪುಸ್ತಕದ ಒಳಗೇ ಇಟ್ಟಿದ್ದೇನೆ. ಕೇಸಿಗೇನೂ ಉಪಯೋಗ ಇಲ್ಲ.

ನವೆಂಬರ್ 5

ಇವತ್ತಿನದು ಬರೆಯದೆ ಆಗುವುದಿಲ್ಲ.

ಹಬ್ಬ ಅಂತ ನಿನ್ನೆ ಮುದುಕಿ ಮತ್ತೆ ಬಡಿಸಿದಳು. ಒಳಗೆ ಆರು, ತಡಮೆಯ ಹತ್ತಿರ ಒಂದು. ಯೂನಿಯನ್ನಿನ ನೋಟೀಸು ಕೊಡಲು ಯಾಕೂಬಣ್ಣ ಬಂದವನು ಸೈಕಲನ್ನು ತಡಮೆಗೆ ಒರಗಿಸಲು ಹೋಗಿ, ಎಲೆ ನೋಡಿ ಹಿಂದೆ ಸರಿದ.

"ಇದು ಯಾರಿಗೆ ಕುಸುಮಕ್ಕ?"

"ಸತ್ತವರಿಗೆ."

"ಸತ್ತವರಿಗೆ ಒಳಗೆ ಹಾಕ್ತೀರಲ್ಲ. ಇವನನ್ನು ಮಾತ್ರ ಯಾಕೆ ಹೊರಗೆ ಕೂರಿಸಿದ್ದು? ನಮ್ಮ ಜಾತಿಯವನಾ?"

ತಮಾಷೆಗೆ ಹೇಳಿದ್ದು. ನಾನು ನಕ್ಕೆ. ಆಮೇಲೆ ನಗು ನಿಂತಿತು. ಸಾಲಿನಲ್ಲಿ ಸೇರದ ಸತ್ತವನು. ನಮ್ಮ ಮನೆಯಲ್ಲಿ ಅಂಥವರು ಯಾರು?

ಇವತ್ತು ಅಜ್ಜಿ ಅಡಿಕೆ ಕುಟ್ಟುತ್ತಿದ್ದಾಗ ಎದುರು ಕೂತೆ. "ಅಜ್ಜೀ, ಬದುಕಿದವರಿಗೆ ಎಲೆ ಹಾಕುವ ಕ್ರಮ ಉಂಟಾ?"

"ಇಲ್ಲ."

"ಸತ್ತಿದ್ದಾರಾ ಇಲ್ವಾ ಅಂತ ಗೊತ್ತಿಲ್ಲದವರಿಗೆ?"

ಕುಟ್ಟುವುದು ನಿಂತಿತು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಅಣ್ಣ ಹೆಂಡ್ತಿ ಮನೆಗೆ ಹೋಗಿದ್ದ. ಮೂಡಬಿದಿರೆ ಹತ್ತಿರ. ಮಗುವಿಗೆ ಜ್ವರ ಅಂತ ನೋಡ್ಲಿಕ್ಕೆ ಹೋದದ್ದು. ಮಗು ಬದುಕಿತು, ಇವನಿಗೆ ಹಿಡೀತು. ಇಲ್ಲಿ ಅಮ್ಮ ಮಲಗಿದ್ಳು, ಅತ್ತಿತ್ತ ಎಲ್ಲ ಮನೆಯಲ್ಲೂ ಮಲಗಿದ್ರು. ನಿನ್ನ ಅಮ್ಮ ಮೂರು ತಿಂಗಳ ಶಿಶು, ನನ್ನ ಮೊಲೆಯಲ್ಲಿ. ಅತ್ತಿಗೆಯ ಅಣ್ಣ ಬಾಬು ನಡೆದುಕೊಂಡು ಬಂದ. ತಡಮೆಯ ಆಚೆ ನಿಂತು ಹೇಳಿದ, ಭಾವ ತೀರಿಹೋದ, ಹೆಣ ಕೊಂಡುಹೋಗ್ಲಿಕ್ಕೆ ಜನ ಕಳಿಸು ಅಂತ. ಗಂಡಸು ಎಲ್ಲಿ ಸತ್ರೂ ಅವನನ್ನು ತಾಯಿಮನೆಗೆ ತರ್ಬೇಕು. ಬೊಜ್ಜ, ಉತ್ತರಕ್ರಿಯೆ ಎಲ್ಲ ಇಲ್ಲಿಯೇ ಆಗ್ಬೇಕು. ತಂಗಿ ಬಾ ಅನ್ಬೇಕು. ನಾನು ಅನ್ಲಿಲ್ಲ."

"ಏನಂದೆ?"

"ಗಳ ತೆಗೀಬೇಡ ಅಂದೆ. ಒಳಗೆ ಬರ್ಬೇಡ, ಹೆಣವೂ ಬೇಡ, ಸುದ್ದಿಯೂ ಬೇಡ, ನನ್ನ ಶಿಶು ಉಂಟು ಅಂದೆ. ಅವ ಸ್ವಲ್ಪ ಹೊತ್ತು ನಿಂತ. ಹೋದ. ಒಳಗಿಂದ ಅಮ್ಮ ಯಾರದು ಅಂತ ಕೇಳಿದ್ಳು. ಅಣ್ಣ ಘಟ್ಟಕ್ಕೆ ಹೋಗ್ತಾನಂತೆ, ಹೇಳಿ ಕಳಿಸಿದ್ದು ಅಂದೆ. ಅಮ್ಮ ನಾಲ್ಕು ದಿನಕ್ಕೆ ಹೋದ್ಳು, ಅದನ್ನೇ ನಂಬಿಕೊಂಡು. ಮತ್ತೆ ಊರವರು ಕೇಳಿದಾಗ ಬೇರೆ ಹೇಳ್ಲಿಕ್ಕೆ ನಾಲಗೆ ಬರ್ಲಿಲ್ಲ. ಬೊಜ್ಜ ಆಗದವನನ್ನು ಸತ್ತ ಅನ್ಬಾರದು. ಸಾಲಿನಲ್ಲೂ ಕೂರಿಸ್ಬಾರದು. ಅವನನ್ನು ಎಲ್ಲಿ ನಿಲ್ಲಿಸಿದೆನೋ ಅಲ್ಲೇ ಬಡಿಸ್ತೇನೆ."

ಮತ್ತೆ ಅಡಿಕೆ ಕುಟ್ಟಲು ತೊಡಗಿದಳು.

ನವೆಂಬರ್ 6

ಎರಡು ತಿಂಗಳು ನಾನು ಬೆಳ್ತಂಗಡಿಯಲ್ಲಿ ಧೂಳು ತಿನ್ನುವಾಗ ಇವಳು ಮನೆಯಲ್ಲಿ ಗೊತ್ತಿದ್ದೂ ಕೂತಿದ್ದಳು. ಮಾತಾಡಿಸಲಿಲ್ಲ.

ಧಣಿಗೆ ಧೈರ್ಯ ಬಂದದ್ದೇ ಇದರಿಂದ. ಘಟ್ಟಕ್ಕೆ ಹೋದವನು ಯಾವತ್ತಾದರೂ ಇಳಿದು ಬರಬಹುದು, ಬಂದು ಹೆಬ್ಬೆಟ್ಟು ಒತ್ತಿ ಹೋಗಬಹುದು. ಯಾರು ಇಲ್ಲ ಅಂತಾರೆ? ಇವಳ ಸುಳ್ಳು ಅವನಿಗೆ ಹೆಬ್ಬೆಟ್ಟಾಯಿತು.

ನವೆಂಬರ್ 8

ಬ್ರಾಂಚಿನಲ್ಲಿ ಲೋಲಾಕ್ಷಿ ತನ್ನ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬೀಡಿ ಕಟ್ಟುತ್ತಿದ್ದಳು. ಮೂರು ತಿಂಗಳಂತೆ. ಇಷ್ಟೇ ಇಷ್ಟು. ಅಮ್ಮ ಇಷ್ಟೇ ಇದ್ದಿರಬೇಕು.

ಸಂಜೆ ಅಜ್ಜಿಗೆ ಮೀನು ತಂದೆ.

ನವೆಂಬರ್ 14

ಮೂಡಬಿದಿರೆ. ಪೇಟೆಯಿಂದ ಎರಡು ಮೈಲು ಒಳಗೆ, ಅಜ್ಜಿ ಹೇಳಿದ ಗುರುತು ಹಿಡಿದು ಹೋದೆ. ಅಂಗಳದಲ್ಲಿ ಒಬ್ಬರು ಕಳ್ಳಿನ ಮಡಕೆ ತೊಳೆಯುತ್ತಿದ್ದರು. ಉದ್ದ ಮನುಷ್ಯ. ಪುಂಜಾಲಕಟ್ಟೆ ಕಡೆಯಿಂದ ಬಂದದ್ದು, ಚನಿಯಪ್ಪ ಪೂಜಾರಿಯ ತಂಗಿಯ ಮನೆ ಎಂದೆ. ಮಡಕೆಯನ್ನು ನಿಧಾನಕ್ಕೆ ಕೆಳಗಿಟ್ಟರು.

"ದುಗ್ಗು ಮಾಮಿ ಇದ್ದಾರಾ?"

"ಇದ್ದಾರೆ."

"ನಾನು ಧರ್ಣಪ್ಪ. ಜ್ವರ ಬಂದದ್ದು ನನಗೇ."

ಆ ಮಗು ಇವರು. ಚನಿಯಪ್ಪ ಅಜ್ಜನ ಮಗ. ಈಗ ಐವತ್ತು ದಾಟಿದೆ. ಅಳಿಯಸಂತಾನದ ಲೆಕ್ಕದಲ್ಲಿ ಅಪ್ಪನ ಬೊಜ್ಜ ಮಾಡಲು ಮಗನಿಗೆ ಹಕ್ಕಿಲ್ಲ. ಅದು ತಂಗಿಯ ಮನೆಯವರದು. ಹಾಗಾಗಿ ಇವರ ಮನೆಯಲ್ಲೂ ಎಲೆ ಹಾಕುವಂತಿಲ್ಲ, ನಮ್ಮಲ್ಲೂ ಸಾಲಿಗಿಲ್ಲ. ಗದ್ದೆಯ ಬದುವಿನಲ್ಲಿ ಹೂತ ಜಾಗ ತೋರಿಸಿದರು. ಒಂದು ಕಲ್ಲು, ಅಷ್ಟೇ. ಉಳುವಾಗ ಪ್ರತಿ ವರ್ಷ ಕೋಣಗಳನ್ನು ಸುತ್ತಿಸಿಕೊಂಡು ಹೋಗುತ್ತಾರಂತೆ.

"ಮಾಮಿಯ ಮೇಲೆ ಸಿಟ್ಟು ಇಲ್ವಾ ನಿಮಗೆ?" ಎಂದೆ.

"ಇತ್ತು. ನನಗೂ ಮಕ್ಕಳಾಗುವವರೆಗೆ."

ಅವರನ್ನೇ ಕರೆದುಕೊಂಡು ಮೂಡಬಿದಿರೆಯ ಕಚೇರಿಗೆ ಹೋದೆ. ಈ ಸಲ ಊರು ಗೊತ್ತಿತ್ತು, ತಿಂಗಳು ಗೊತ್ತಿತ್ತು. ಕಾಲು ಗಂಟೆಯಲ್ಲಿ ಸಿಕ್ಕಿತು.

1918 ನವೆಂಬರ್ 2. ಚನಿಯ ಬಿರುವ. ಗಂಡಸು. 36. ಜ್ವರ. ತಿಳಿಸಿದವರು: ಬಾಬು, ಸತ್ತವನ ಹೆಂಡತಿಯ ಅಣ್ಣ.

ಧರ್ಣಪ್ಪ ಮಾಮನಿಗೆ ಓದಲು ಬರುವುದಿಲ್ಲ. ನಾನು ಬೆರಳಿಟ್ಟು ಓದಿದೆ. "ಇನ್ನೊಮ್ಮೆ ಓದು" ಎಂದರು. ಓದಿದೆ. "ನನ್ನ ಅಮ್ಮನ ಹೆಸರು ಹಾಕ್ಲಿಲ್ವಾ?" ಎಂದರು. ಹಾಕಿಲ್ಲ.

ಡಿಸೆಂಬರ್ 13

ವಕೀಲರಿಗೆ ಖುಷಿ, ಆದರೆ ಪೂರ್ತಿ ಅಲ್ಲ. "ಈ ಚನಿಯನೇ ಆ ಚನಿಯಪ್ಪ ಅಂತ ಯಾರು ಹೇಳುವುದು? ಮಗ ಹೇಳಿದ್ರೆ ಸಾಲದು, ಅವನಿಗಾಗ ಐದು ವರ್ಷ. ಸುದ್ದಿ ಮುಟ್ಟಿದವರು ಹೇಳ್ಬೇಕು. ನಿಮ್ಮ ಅಜ್ಜಿ ಕಟಕಟೆ ಹತ್ಬೇಕು."

ಸುದ್ದಿ ಹೇಗೋ ಗುತ್ತಿನ ಮನೆಗೂ ಮುಟ್ಟಿದೆ. ಇವತ್ತು ಗುತ್ತಿನ ಪಾರುಪತ್ಯಗಾರ ನಮ್ಮ ಅಂಗಳಕ್ಕೆ ಬಂದ. ನನ್ನನ್ನು ನೋಡದೆ ಅಜ್ಜಿಯ ಹತ್ತಿರ ಮಾತು.

"ದುಗ್ಗೂ, ಒಡಹುಟ್ಟಿದ ಅಣ್ಣನ ಹೆಣವನ್ನು ಅನಾಥ ಮಾಡಿದೆ ಅಂತ ಕೋರ್ಟಿನಲ್ಲಿ ಹತ್ತು ಜನರ ಎದುರು ಹೇಳ್ತೀಯಂತೆ? ನಾಳೆ ನಿನ್ನ ಮನೆಯ ಬೆಂಕಿ ಯಾರಾದ್ರೂ ಮುಟ್ಟಿಯಾರಾ? ಈ ಕುಸುಮನನ್ನು ಯಾರಾದ್ರೂ ಕಟ್ಟಿಕೊಂಡಾರಾ? ಧಣಿಗಳು ದೊಡ್ಡ ಮನಸ್ಸಿನವರು. ಮನೆ ಅಡಿಯ ಜಾಗ ಬಿಟ್ಟುಕೊಡ್ತಾರೆ. ಗದ್ದೆ ಬಿಡು, ಬಾಯಿ ಮುಚ್ಚು."

ನಾನು ಎದ್ದೆ. ಅಜ್ಜಿ ಕೈ ಹಿಡಿದು ಕೂರಿಸಿದಳು. "ನೀವು ಕೂತ್ಕೊಳ್ಳಿ, ಬೆಲ್ಲ ನೀರು ತರ್ತೇನೆ" ಎಂದು ಅವನಿಗೆ ಹೇಳಿ ಒಳಗೆ ಹೋದಳು. ತಂದು ಕೊಟ್ಟಳು. ಅವನು ಕುಡಿದ. ಚೊಂಬು ತೆಗೆದುಕೊಳ್ಳುತ್ತ, "ನಮ್ಮ ಮನೆಯ ನೀರು ನೀವೇ ಮುಟ್ಟಿದ್ರಲ್ಲ. ಇನ್ನು ಬೇರೆಯವರದು ಯಾಕೆ ಹೆದರಿಕೆ" ಎಂದಳು.

ಅವನು ಹೋದ ಮೇಲೆ ಅಜ್ಜಿ ಚೊಂಬನ್ನು ಒಳಗಿಡಲು ಮರೆತು ಜಗಲಿಯ ಕಂಬಕ್ಕೆ ಒರಗಿ ಕೂತಳು. ಹೋಗುವುದು ಬಿಡುವುದು ನಿನ್ನ ಇಷ್ಟ ಅಜ್ಜಿ, ಬೀಡಿ ಕಟ್ಟಿಯಾದರೂ ಸಾಕುತ್ತೇನೆ ಎಂದೆ. ಹಾಗೆ ಯಾಕೆ ಹೇಳಿದೆನೋ. ಆ ಸಾಕ್ಷಿ ಇಲ್ಲದಿದ್ದರೆ ಕೇಸೇ ಇಲ್ಲ.

1965 ಫೆಬ್ರವರಿ 17

ಬೆಳ್ತಂಗಡಿ ಕೋರ್ಟು. ಅಜ್ಜಿ ಅಮ್ಮನ ಸೀರೆ ಉಟ್ಟಿದ್ದಳು. ಕಟಕಟೆಯ ಕಂಬಿಯನ್ನು ತಡಮೆಯ ಗಳ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಳು. ಧಣಿ ಮುಂದಿನ ಬೆಂಚಿನಲ್ಲಿ. ನಮ್ಮ ಬ್ರಾಂಚಿನ ಹೆಂಗಸರು ಹನ್ನೆರಡು ಜನ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು, ಕೂರಲು ಜಾಗ ಇದ್ದರೂ.

ನಡೆದದ್ದನ್ನೆಲ್ಲ ಹೇಳಿದಳು. ಬಾಬು ಬಂದದ್ದು, ಗಳ ತೆಗೆಯಬೇಡ ಎಂದದ್ದು. ತುಳುವಿನಲ್ಲಿ ಹೇಳಿದ್ದನ್ನು ಗುಮಾಸ್ತ ಕನ್ನಡ ಮಾಡಿ ಬರೆದುಕೊಂಡ. 'ಶಿಶು' ಎಂದಲ್ಲಿ ನಿಲ್ಲಿಸಿ, ಶಿಶುವಿನ ಹೆಸರೇನು ಅಂತ ಕೇಳಿದ. ಕಾಂತಿ, ಇವಳ ತಾಯಿ ಎಂದು ನನ್ನ ಕಡೆ ಕೈ ತೋರಿಸಿದಳು.

ಧಣಿಯ ವಕೀಲ ಎದ್ದ. "ನಲವತ್ತಾರು ವರ್ಷ ಊರಿಗೆಲ್ಲ, ಅಣ್ಣ ಘಟ್ಟಕ್ಕೆ ಹೋದ ಅಂತ ಹೇಳಿದ್ದು ನೀವೇ ಅಲ್ವಾ?"

"ಹೌದು."

"ಈಗ ಸತ್ತ ಅಂತೀರಿ. ಆಗ ಹೇಳಿದ್ದು ಸುಳ್ಳಾ, ಈಗ ಹೇಳುವುದು ಸುಳ್ಳಾ?"

"ಆಗಿನದ್ದು."

"ಅಂದ್ರೆ ನೀವು ಸುಳ್ಳು ಹೇಳುವವರು."

"ಹೌದು. ನಾನೊಂದು ಸುಳ್ಳು ಹೇಳಿದೆ. ಆ ಸುಳ್ಳಿಗೆ ಹೆಬ್ಬೆಟ್ಟು ಒತ್ತಿಸಿದ್ದು ಅಲ್ಲಿ ಕೂತವರು. ನನ್ನ ತಪ್ಪು ನಾನು ಹೇಳಿ ಆಯ್ತು. ಅವರದ್ದು ಅವರು ಹೇಳ್ಲಿ."

ನ್ಯಾಯಾಧೀಶರು ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಎಂದರು. ಕೇಳಿದ್ದಕ್ಕೇ ಉತ್ತರಿಸಿದ್ದು ಎಂದಳು. ಹಿಂದಿನ ಗೋಡೆಯಿಂದ ಲೋಲಾಕ್ಷಿ ಜೋರಾಗಿ ನಕ್ಕಳು, ಪೇದೆ ಅವಳನ್ನು ಹೊರಗೆ ಹಾಕಿದ.

ಬಸ್ಸಿನಲ್ಲಿ ಅಜ್ಜಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು. ಎಷ್ಟು ಹಗುರ ಇದ್ದಾಳೆ.

ಏಪ್ರಿಲ್ 9

ಗೆದ್ದೆವು. 1921ರ ಕಾಗದವನ್ನು ಕೋರ್ಟು ನಂಬಲಿಲ್ಲ. ಮೂಲಗೇಣಿ ನಮ್ಮದು. ಧಣಿ ಅಪೀಲು ಹೋಗುತ್ತಾನಂತೆ. ಹೋಗಲಿ. ನಮಗೂ ದಾರಿ ಗೊತ್ತಾಗಿದೆ.

ಯಾಕೂಬಣ್ಣ ಮೂರು ಊರಿನಲ್ಲಿ ಸಭೆ ಇಡುವ ಎನ್ನುತ್ತಿದ್ದಾನೆ. ಇನ್ನೂ ಒಂಬತ್ತು ಮನೆಯವರ ಮೇಲೆ ಇಂಥದ್ದೇ ಕಾಗದ ಎದ್ದಿದೆ. ಪಟೇಲರು ಹೇಗೆ ಬರೆಯುತ್ತಿದ್ದರು, ಯಾವ ಊರಿನ ರಿಜಿಸ್ಟರು ನೋಡಬೇಕು ಅಂತ ನಾನು ಹೇಳಿಕೊಡಬೇಕಂತೆ. ಮೊದಲು ಮನೆಯ ಮುದುಕಿಯರನ್ನು ಕೇಳಿ ಅಂತ ಹೇಳಬೇಕು.

ಮೇ 16

ಚನಿಯಪ್ಪ ಅಜ್ಜನ ಬೊಜ್ಜ. ಮೂಡಬಿದಿರೆಯಿಂದ ಕಲ್ಲಿನ ಬುಡದ ಒಂದು ಹಿಡಿ ಮಣ್ಣು ಧರ್ಣಪ್ಪ ಮಾಮ ತಂದರು. ತಡಮೆಯ ಆಚೆಯೇ ನಿಂತರು. ಅಜ್ಜಿ ತಾನೇ ಹೋಗಿ ಒಂದೊಂದೇ ಗಳ ತೆಗೆದಳು. ನಾನು ಸಹಾಯಕ್ಕೆ ಹೋದರೆ ಬೇಡ ಎಂದಳು. ಮೂರು ಗಳ. ಮೂರನೆಯದು ಎತ್ತಲು ಹೊತ್ತು ಹಿಡಿಯಿತು. "ಬಾ" ಎಂದಳು. ಮಾಮ ಬಂದರು.

ಯೂನಿಯನ್ನಿನವರು ನಗಬಹುದು. ನಗಲಿ.

ಜುಲೈ 28

ಆಟಿ ಅಮಾವಾಸ್ಯೆ. ಕಷಾಯ. ಕಹಿ.

ಅಜ್ಜಿಗೆ ಬಗ್ಗಲು ಆಗುವುದಿಲ್ಲ, ಸೊಂಟ ಹಿಡಿದಿದೆ. ಎಲೆ ನಾನು ಹಾಕಿದೆ. ಪಡಸಾಲೆಯಲ್ಲಿ ಸಾಲಾಗಿ ಏಳು. ಚನಿಯಪ್ಪ ಅಜ್ಜನದು ಅವನ ಅಮ್ಮನ ಎಲೆಯ ಪಕ್ಕದಲ್ಲಿ, ಅಜ್ಜಿ ಹೇಳಿದ ಹಾಗೆ. ಏಳಕ್ಕೂ ಬಡಿಸಿ, ಇನ್ನೊಂದು ಎಲೆ ಹಿಡಿದು ಅಂಗಳಕ್ಕೆ ಇಳಿದೆ. ತಡಮೆಯ ಬುಡದಲ್ಲಿ ಹಾಕಿ ಅನ್ನ ಬಡಿಸಿದೆ.

ಅಜ್ಜಿ ಜಗಲಿಯಿಂದ ನೋಡುತ್ತಿದ್ದಳು. "ಅಣ್ಣ ಒಳಗೆ ಬಂದಾಯ್ತಲ್ಲ. ಅದು ಯಾರಿಗೆ?"

"ಮುಂಡಾಜೆ ರಿಜಿಸ್ಟರಿನಲ್ಲಿ ಸಿಕ್ಕಿದವ. ಅವನೂ ಚನಿಯ. ಮನೆಯವರು ಯಾರೂ ಉಳಿದಿಲ್ಲ ಅಂತ ಬರೆದಿತ್ತು."

"ಪ್ರಾಯ ಎಷ್ಟು?"

"ಒಂಬತ್ತು."

ನಾನು ಕೋಳಿ ಸಾರಿನ ಪಾತ್ರೆಗೆ ಸೌಟು ಹಾಕಿದೆ.

"ಅದು ಹಾಕ್ಬೇಡ. ಮಗುವಿಗೆ ಖಾರ ಆಗ್ತದೆ" ಎಂದಳು. "ಬೆಲ್ಲ ಹಾಕು."

ಬೆಲ್ಲ ಹಾಕಿದೆ.